ಜಗತ್ತಿನ ಮಕ್ಕಳಿಗೆ ಮನೆ ಕಟ್ಟಿದ ತಾಯಿ: ಡಾ. ಮಾರಿಯಾ ಮಾಂಟೆಸೊರಿ

ನಿಮ್ಮ ಊರಿನಲ್ಲಿ ಒಂದಾದರೂ ಶಾಲೆಯ ಬೋರ್ಡಿನ ಮೇಲೆ 'ಮಾಂಟೆಸೊರಿ' ಎಂಬ ಪದವನ್ನು ನೀವು ಓದಿರುತ್ತೀರಿ. ನಿಮ್ಮಲ್ಲಿ ಬಿ.ಎಡ್. ಮಾಡಿದವರಿದ್ದರೆ ಪರೀಕ್ಷೆಯಲ್ಲಿ ಈ ಹೆಸರಿನ ಬಗ್ಗೆ ಒಂದು ಪುಟದ ಟಿಪ್ಪಣಿಯನ್ನೂ ಬರೆದಿರಬಹುದು. ಇಂದ್ರಿಯ ತರಬೇತಿ, ಮಗುವಿನ ಸ್ವಾತಂತ್ರ್ಯ, ಸ್ವಯಂ ಕಲಿಕೆ ಎಂದು ಮೂರು ಅಂಶ ಬರೆದರೆ ಅಂಕ ಸಿಗುತ್ತದೆ. ಆದರೆ ಆ ಟಿಪ್ಪಣಿಯಲ್ಲಿ ಬಾರದ ಒಂದು ಸಂಗತಿ ಇದೆ. ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಲೋಕಕ್ಕೆಲ್ಲ ಕಲಿಸಿದ ಈ ಮಹಿಳೆ ತನ್ನ ಒಬ್ಬನೇ ಮಗನ ಬಾಲ್ಯವನ್ನು ದೂರದಿಂದ ನೋಡಬೇಕಾಯಿತು. ಈ ಎರಡು ಮಾತುಗಳನ್ನು ಜೊತೆಗಿಟ್ಟು ಓದಿದಾಗಲೇ ಆಕೆಯ ಬದುಕು ನಮಗೆ ಅರ್ಥವಾಗುತ್ತದೆ.

ಮಾರಿಯಾ ಜನಿಸಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಪೂರ್ವ ಕರಾವಳಿಗೆ ಸಮೀಪದ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ಅಧಿಕಾರಿ, ಶಿಸ್ತಿನ ಮನುಷ್ಯ. ತಾಯಿ ರೆನಿಲ್ಡೆ ಓದಿನ ಹಂಬಲವುಳ್ಳವರು. 1875ರಲ್ಲಿ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು.

ಅಂದಿನ ಇಟಲಿಯ ಶಾಲೆಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮಕ್ಕಳು ಅಲುಗಾಡದಂತೆ ಸಾಲು ಸಾಲು ಬೆಂಚುಗಳು. ಗುರುಗಳು ಹೇಳಿದ್ದನ್ನು ಒಕ್ಕೊರಲಿನಿಂದ ಒಪ್ಪಿಸುವುದೇ ಪಾಠ. ಚೆನ್ನಾಗಿ ಒಪ್ಪಿಸಿದವನಿಗೆ ಪದಕ, ತಪ್ಪಿದವನಿಗೆ ಶಿಕ್ಷೆ. ಹೆಣ್ಣುಮಗಳು ಓದಿದರೂ ಹೆಚ್ಚೆಂದರೆ ಶಿಕ್ಷಕಿಯಾಗಬಹುದು ಎಂಬ ನಂಬಿಕೆ. ಮಾರಿಯಾ ಮಾತ್ರ ಹದಿಮೂರನೆಯ ವಯಸ್ಸಿನಲ್ಲಿ ಹುಡುಗರಿಗಾಗಿಯೇ ಇದ್ದ ತಾಂತ್ರಿಕ ಶಾಲೆಯನ್ನು ಸೇರಿದರು. ಮೊದಲು ಎಂಜಿನಿಯರ್ ಆಗುವ ಆಸೆ, ಆಮೇಲೆ ವೈದ್ಯೆಯಾಗುವ ಹಠ. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಮಗಳ ಬೆನ್ನಿಗೆ ನಿಂತರು. ಗಂಡಸರ ಜೊತೆ ನಿಂತು ಶವಪರೀಕ್ಷೆ ಕಲಿಯುವುದು ಹೆಣ್ಣಿಗೆ ತರವಲ್ಲವೆಂದು ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡಬೇಕಾಯಿತು. ಹೀಗೆ ಓದಿ 1896ರಲ್ಲಿ ಪದವಿ ಪಡೆದು ಇಟಲಿಯ ಮೊದಲ ಕೆಲವೇ ವೈದ್ಯೆಯರಲ್ಲಿ ಒಬ್ಬರಾದರು.

ವೈದ್ಯೆಯಾದ ಮಾರಿಯಾ ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಮಕ್ಕಳನ್ನು ಹುಚ್ಚಾಸ್ಪತ್ರೆಯಲ್ಲೇ ಇಡುತ್ತಿದ್ದರು. ಒಂದು ಬರಿಯ ಕೋಣೆಯಲ್ಲಿದ್ದ ಅಂಥ ಮಕ್ಕಳು ಊಟವಾದ ಮೇಲೆ ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಾರೆಂದು ಕಾವಲಿನವಳು ಹೇವರಿಸಿಕೊಂಡು ಹೇಳಿದಳಂತೆ. ಮಾರಿಯಾ ಸುತ್ತ ನೋಡಿದರು. ಆ ಕೋಣೆಯಲ್ಲಿ ಕೈಯಲ್ಲಿ ಹಿಡಿಯಲು ಬೇರೆ ಒಂದು ವಸ್ತುವೂ ಇರಲಿಲ್ಲ. ಅದು ಹೊಟ್ಟೆಯ ಹಸಿವಲ್ಲ, ಕೈಗಳ ಹಸಿವು, ಬುದ್ಧಿಯ ಹಸಿವು ಎಂದು ಅವರಿಗೆ ಹೊಳೆಯಿತು. ಫ್ರಾನ್ಸ್ ದೇಶದ ಇಟಾರ್ ಮತ್ತು ಸೆಗೆನ್ ಎಂಬ ವೈದ್ಯರ ಪುಸ್ತಕಗಳನ್ನು ಹುಡುಕಿ ತಂದು, ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡರು. 1900ರಲ್ಲಿ ಆರಂಭವಾದ ವಿಶೇಷ ಶಾಲೆಯಲ್ಲಿ ಇಂಥ ಮಕ್ಕಳಿಗೆ ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಜೊತೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಎಲ್ಲರೂ ಹೊಗಳಿದರು. ಮಾರಿಯಾ ಅವರಿಗೆ ಮಾತ್ರ ಬೇರೆಯೇ ಚಿಂತೆ: ಆರೋಗ್ಯವಂತ ಮಕ್ಕಳು ಇಷ್ಟು ಹಿಂದೆ ಉಳಿದದ್ದು ಏಕೆ? ತಪ್ಪು ಮಕ್ಕಳದೋ, ಶಾಲೆಯದೋ?

ಓದುಗರೇ, ಇದೇ ವರ್ಷಗಳಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ಗಾಯವಾಯಿತು. 1898ರ ಮಾರ್ಚ್ 31ರಂದು ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ. ತಂದೆ ಸಹೋದ್ಯೋಗಿ ವೈದ್ಯ ಮಾಂಟೆಸಾನೊ. ಅವರಿಬ್ಬರಿಗೂ ಮದುವೆಯಾಗಿರಲಿಲ್ಲ, ಆಗಲೂ ಇಲ್ಲ. ಅಂದಿನ ಇಟಲಿಯಲ್ಲಿ ಮದುವೆಯಿಲ್ಲದ ತಾಯಿಗೆ ಸಮಾಜದಲ್ಲಿ ಸ್ಥಾನವಿರಲಿಲ್ಲ. ವಿಷಯ ಹೊರಬಂದರೆ ವೈದ್ಯೆಯ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು. ಹಸುಗೂಸನ್ನು ಹಳ್ಳಿಯ ಹಾಲುಣಿಸುವ ದಾದಿಯ ಮನೆಯಲ್ಲಿ ಬಿಡುವ ಪದ್ಧತಿ ಆಗ ಇಟಲಿಯ ನಗರಗಳಲ್ಲಿ ಸಾಮಾನ್ಯವಾಗಿತ್ತು. ಮಾರಿಯೊ ಕೂಡ ಹಾಗೆಯೇ ಹಳ್ಳಿಗೆ ಹೋದ. ಬೇರೆಯವರ ಮಕ್ಕಳು ಹಾಲು ಬಿಟ್ಟ ಮೇಲೆ ಮನೆಗೆ ಮರಳುತ್ತಿದ್ದರು, ಅವನು ಮರಳಲಿಲ್ಲ. ತಾಯಿ ಆಗಾಗ ಹೋಗಿ ನೋಡಿ ಬರುತ್ತಿದ್ದರು. 1901ರಲ್ಲಿ ಮಾಂಟೆಸಾನೊ ಬೇರೊಬ್ಬರನ್ನು ಮದುವೆಯಾದರು. ಮಾರಿಯಾ ಅದೇ ವರ್ಷ ಆ ವಿಶೇಷ ಶಾಲೆಯನ್ನು ಬಿಟ್ಟು ಮತ್ತೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾದರು.

ಆಗ ರೋಮ್ ನಗರದ ಸಾನ್ ಲೊರೆಂಜೊ ಎಂಬುದು ಬಡ ಕೂಲಿಗಳ ಬಡಾವಣೆ. ಒಂದು ವಸತಿ ಸಂಸ್ಥೆ ಅಲ್ಲಿನ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದರೆ ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳ ಮೇಲೆ ಓಡಾಡಿ ಗೋಡೆಗಳನ್ನು ಕೆಡಿಸುತ್ತಿದ್ದರು. ಗೋಡೆ ಉಳಿಯಲೆಂದು ಸಂಸ್ಥೆಯವರು ಆ ಮಕ್ಕಳನ್ನು ಒಂದೆಡೆ ಕೂಡಿಸಲು ಯೋಚಿಸಿ ಮಾರಿಯಾ ಅವರನ್ನು ಕೇಳಿಕೊಂಡರು. 1907ರ ಜನವರಿ 6ರಂದು 'ಮಕ್ಕಳ ಮನೆ' ತೆರೆಯಿತು. ಜನವರಿ 6 ಇಟಲಿಯ ಮಕ್ಕಳಿಗೆ ಉಡುಗೊರೆ ಸಿಗುವ ಹಬ್ಬದ ದಿನ. ಆ ಬಡ ಮಕ್ಕಳಿಗೆ ಅಂದು ಸಿಕ್ಕ ಉಡುಗೊರೆ ಒಂದು ಕೋಣೆ.

ಈ ಮಕ್ಕಳ ಮನೆಯ ನಿಯಮಗಳನ್ನು ನೀವು ಗಮನಿಸಬೇಕು. ಶುಲ್ಕವಿಲ್ಲ. ಆದರೆ ತಾಯಂದಿರು ಮಕ್ಕಳನ್ನು ಶುಚಿಯಾಗಿ ಕಳುಹಿಸಬೇಕು, ಶಿಕ್ಷಕಿಯನ್ನು ಗೌರವದಿಂದ ಕಾಣಬೇಕು, ವಾರಕ್ಕೊಮ್ಮೆಯಾದರೂ ಬಂದು ಮಗುವಿನ ಬಗ್ಗೆ ಮಾತನಾಡಬೇಕು. ಶಿಕ್ಷಕಿಯೂ ಅದೇ ಕಟ್ಟಡದಲ್ಲಿ ವಾಸ. ಅಮ್ಮಂದಿರು ಕೆಲಸದ ನಡುವೆ ಯಾವಾಗ ಬೇಕಾದರೂ ಬಂದು ನೋಡಬಹುದು. ಮನೆ ಮತ್ತು ಶಾಲೆ ಒಂದೇ ಸೂರಿನಡಿ ಇರಬೇಕೆಂಬುದು ಅವರ ಆಸೆ. ತನ್ನ ಮಗುವನ್ನು ಪ್ರತಿದಿನ ನೋಡಲಾಗದ ತಾಯಿಯೊಬ್ಬಳು, ಬೇರೆ ತಾಯಂದಿರು ತಮ್ಮ ಮಕ್ಕಳನ್ನು ದಿನವೂ ನೋಡುವಂತೆ ಮಾಡಿದ ಏರ್ಪಾಡು ಅದು. ಆಗ ಮಾರಿಯೊಗೆ ಒಂಬತ್ತು ವರ್ಷ ತುಂಬುತ್ತಿತ್ತು.

ಆ ಕೋಣೆಯಲ್ಲಿ ಕಂಡದ್ದನ್ನು ಮಾರಿಯಾ ವೈದ್ಯೆಯಂತೆಯೇ ಬರೆದಿಟ್ಟುಕೊಂಡರು. ಒಂದು ದಿನ ಶಿಕ್ಷಕಿ ಬೀರುವಿಗೆ ಬೀಗ ಹಾಕಲು ಮರೆತು ತಡವಾಗಿ ಬಂದರು. ಮಕ್ಕಳು ತಮಗೆ ಬೇಕಾದ ಸಾಮಗ್ರಿಯನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಅಂದಿನಿಂದ ಬೀಗವಿಲ್ಲದ, ಮಕ್ಕಳ ಕೈಗೆ ಎಟಕುವ ಕಪಾಟುಗಳು ಬಂದವು. ಇನ್ನೊಂದು ದಿನ ಒಬ್ಬ ಹುಡುಗನಿಗೆ ಪದಕ ಕೊಟ್ಟಿದ್ದರು, ಮತ್ತೊಬ್ಬನನ್ನು ಶಿಕ್ಷೆಯಾಗಿ ಸುಮ್ಮನೆ ಕುಳ್ಳಿರಿಸಿದ್ದರು. ಪದಕದವನು ಕೆಲಸದ ಭರದಲ್ಲಿ ಅದನ್ನು ಬೀಳಿಸಿದ. ಶಿಕ್ಷೆಯವನು ಎತ್ತಿ ಕೊಡಲು ಬಂದರೆ, ಬೇಕಾದರೆ ನೀನೇ ಹಾಕಿಕೋ ಎಂಬಂತೆ ಬಿಟ್ಟುಬಿಟ್ಟ. ಪದಕದ ಬೆಲೆ ಅಷ್ಟೇ ಎಂದು ಮಾರಿಯಾ ಕಂಡುಕೊಂಡರು. ಮತ್ತೊಮ್ಮೆ, ಸದ್ದಾಗದಂತೆ ಮೂಗು ಒರೆಸಿಕೊಳ್ಳುವುದು ಹೇಗೆಂದು ಕರವಸ್ತ್ರ ಹಿಡಿದು ತೋರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಸುರಿಯುವ ಮೂಗಿಗಾಗಿ ದಿನವೂ ಬೈಸಿಕೊಳ್ಳುತ್ತಿದ್ದ ಮಕ್ಕಳಿಗೆ ಅವಮಾನ ಮಾಡದೆ ಕಲಿಸಿದವರು ಅದೇ ಮೊದಲು.

ಅಕ್ಷರಗಳನ್ನು ಉಪ್ಪುಕಾಗದದಲ್ಲಿ ಕತ್ತರಿಸಿ, ಮಕ್ಕಳು ಅದರ ಮೇಲೆ ಬೆರಳಾಡಿಸುತ್ತಾ ಅದರ ಧ್ವನಿಯನ್ನು ಹೇಳುವಂತೆ ಮಾಡಿದರು. ಡಿಸೆಂಬರ್ ತಿಂಗಳ ಒಂದು ಬಿಸಿಲು ದಿನ ಮಾಳಿಗೆಯ ಮೇಲೆ ಐದು ವರ್ಷದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ಚಿತ್ರ ಬರೆದು, ಆಮೇಲೆ ನೆಲದ ಮೇಲೆ ಒಂದು ಪದವನ್ನೂ ಬರೆದ. ತನಗೆ ಬರೆಯಲು ಬರುತ್ತದೆಂದು ಸಂಭ್ರಮದಿಂದ ಕೂಗಿದ. ಉಳಿದವರೂ ಓಡಿಬಂದು ಬರೆಯತೊಡಗಿದರು. ಅಕ್ಷರ ತಿಳಿಯದ ಎಷ್ಟೋ ತಾಯ್ತಂದೆಯರ ಮಕ್ಕಳು ಅವರು. ನೀವು ಉರ್ದು ಶಾಲೆಯವರಾಗಲಿ ಕನ್ನಡ ಶಾಲೆಯವರಾಗಲಿ, ಒಂದು ರಟ್ಟು, ಒಂದು ಉಪ್ಪುಕಾಗದ, ಒಂದು ಕತ್ತರಿ ಇದ್ದರೆ 'ಅಲಿಫ್' ಮತ್ತು 'ಅ' ಎರಡನ್ನೂ ಹೀಗೆಯೇ ಕಲಿಸಬಹುದು.

1909ರಲ್ಲಿ ಪ್ರಕಟವಾದ ಅವರ ಪುಸ್ತಕ ಕೆಲವೇ ವರ್ಷಗಳಲ್ಲಿ ಹಲವು ಭಾಷೆಗಳಿಗೆ ಅನುವಾದವಾಯಿತು. ಹೆಸರು ಬೆಳೆಯುತ್ತಿದ್ದಾಗಲೇ 1912ರ ಡಿಸೆಂಬರ್‌ನಲ್ಲಿ ತಾಯಿ ರೆನಿಲ್ಡೆ ತೀರಿಕೊಂಡರು. ಅದಾಗಿ ಕೆಲವೇ ತಿಂಗಳಲ್ಲಿ, 1913ರಲ್ಲಿ, ಹದಿನೈದರ ಮಾರಿಯೊ ತಾಯಿಯ ಬಳಿ ವಾಸಕ್ಕೆ ಬಂದ. ಕೈಹಿಡಿದು ಅಕ್ಷರ ತಿದ್ದಿಸುವ ವಯಸ್ಸು ಕಳೆದುಹೋಗಿತ್ತು. ಆಗಲೂ ಜನರೆದುರು ಅವನನ್ನು ಸೋದರಳಿಯನೆಂದೋ ದತ್ತುಮಗನೆಂದೋ ಪರಿಚಯಿಸುವ ಸ್ಥಿತಿ. ಆದರೂ ಆ ಮಗ ತಾಯಿಯ ಮೇಲೆ ಮುನಿಸು ಸಾಧಿಸಲಿಲ್ಲ. ಅವರ ಬಲಗೈಯಾಗಿ, ದುಭಾಷಿಯಾಗಿ ಜೀವನವನ್ನೇ ಅವರ ಕೆಲಸಕ್ಕೆ ಕೊಟ್ಟ.

ಮುಂದಿನದು ಪರದೇಶದ ಬದುಕು. ಮಹಾಯುದ್ಧದ ಕಾಲದಲ್ಲಿ ಮಾರಿಯಾ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ನೆಲೆಸಿದರು. 1917ರಲ್ಲಿ ಅಮೆರಿಕದ ಯುವತಿಯನ್ನು ಮದುವೆಯಾದ ಮಾರಿಯೊಗೆ ನಾಲ್ವರು ಮಕ್ಕಳಾದರು. ಅಜ್ಜಿ ಇಟಲಿಯವರು, ಅಮ್ಮ ಅಮೆರಿಕದವರು, ಬೀದಿಯ ಭಾಷೆ ಮತ್ತೊಂದು. ಮಗನ ಬಾಲ್ಯವನ್ನು ಕಳೆದುಕೊಂಡಿದ್ದ ಮಾರಿಯಾ ಮೊಮ್ಮಕ್ಕಳನ್ನು ಹತ್ತಿರದಿಂದ ಕಂಡದ್ದು ಈ ಪರಊರಿನ ಮನೆಯಲ್ಲಿ. ಇತ್ತ ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ 1924ರಿಂದ ಅವರ ಶಾಲೆಗಳಿಗೆ ನೆರವು ನೀಡಿತು, ಅವರು ಅದನ್ನು ಸ್ವೀಕರಿಸಿದರು. ಆ ಸರ್ಕಾರಕ್ಕೆ ಬೇಕಾಗಿದ್ದದ್ದು ಯೋಚಿಸುವ ಮಕ್ಕಳಲ್ಲ, ಸಮವಸ್ತ್ರ ತೊಟ್ಟು ಆಜ್ಞೆ ಪಾಲಿಸುವ ಮಕ್ಕಳು. 1934ರ ಹೊತ್ತಿಗೆ ಸಂಬಂಧ ಮುರಿಯಿತು, ಶಾಲೆಗಳು ಮುಚ್ಚಿದವು. 1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಬ್ರಿಟಿಷ್ ಹಡಗಿನಲ್ಲಿ ಪಾರಾಗಿ, ಕೊನೆಗೆ ನೆದರ್ಲೆಂಡ್ಸ್‌ನ ಲಾರೆನ್ ಎಂಬ ಊರಿಗೆ ಬಂದರು.

ನಮ್ಮ ದೇಶಕ್ಕೆ ಅವರು ಬಂದದ್ದು ಇಲ್ಲಿಂದಲೇ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರನ್ನು ಭೇಟಿಯಾಗಿದ್ದ ಮಾರಿಯಾ, ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರ ನವೆಂಬರ್‌ನಲ್ಲಿ ಮಾರಿಯೊ ಜೊತೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಕೆಲವು ತಿಂಗಳ ತರಬೇತಿ ಮುಗಿಸಿ ಹಿಂದಿರುಗುವ ಯೋಚನೆ. ಮೊಮ್ಮಕ್ಕಳು ನೆದರ್ಲೆಂಡ್ಸ್‌ನಲ್ಲೇ ಉಳಿದಿದ್ದರು. 1940ರ ಮೇ ತಿಂಗಳಲ್ಲಿ ಆ ದೇಶ ಜರ್ಮನಿಯ ವಶವಾಯಿತು. ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಭಾರತದಲ್ಲಿದ್ದ ಇಟಾಲಿಯನ್ನರು ಬ್ರಿಟಿಷರಿಗೆ ಶತ್ರುಗಳಾದರು. ಮಾರಿಯೊ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿಟ್ಟರು, ಮಾರಿಯಾ ಅವರಿಗೆ ಅಡ್ಯಾರ್ ಬಿಟ್ಟು ಹೋಗಲು ಅನುಮತಿಯಿರಲಿಲ್ಲ.

ಆಗಸ್ಟ್ 31, ಮಾರಿಯಾ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ಸರ್ಕಾರ ಉಡುಗೊರೆಯಾಗಿ ಮಾರಿಯೊನನ್ನು ಬಿಡುಗಡೆ ಮಾಡಿತು. ಬಂದ ತಂತಿಯಲ್ಲಿ ಅವನನ್ನು ಆಕೆಯ ಮಗನೆಂದೇ ಕರೆಯಲಾಗಿತ್ತು. ನಲವತ್ತೆರಡು ವರ್ಷ ಜನರೆದುರು ಬಾಯಿ ಬಿಟ್ಟು ಹೇಳಲಾಗದ ಮಾತನ್ನು ಪರದೇಶದ ಸರ್ಕಾರವೊಂದು ತಾನಾಗಿ ಹೇಳಿತ್ತು. ಆ ತಾಯಿಯ ಮನಸ್ಸಿಗೆ ಏನೆನಿಸಿತೋ ನೀವೇ ಊಹಿಸಿಕೊಳ್ಳಿ.

ಕೆಲವು ತಿಂಗಳ ವಾಸ ಏಳು ವರ್ಷಗಳಿಗೆ ಹತ್ತಿರವಾಯಿತು. ಕೊಡೈಕೆನಾಲ್‌ನಲ್ಲಿ ದೊಡ್ಡ ಮಕ್ಕಳ ಪಾಠಗಳನ್ನು ರೂಪಿಸಿದರು. ಅಹಮದಾಬಾದ್, ಕಾಶ್ಮೀರ, ಸಿಂಹಳ ಮುಂತಾದೆಡೆ ತರಬೇತಿ ನೀಡಿದರು. ಹಾಲುಗೂಸನ್ನು ಕಂಕುಳಲ್ಲಿಟ್ಟುಕೊಂಡೇ ಸಂತೆಗೆ, ಕೆಲಸಕ್ಕೆ, ಸಂಬಂಧಿಕರ ಮನೆಗೆ ಹೋಗುವ ತಾಯಂದಿರನ್ನು ಗಮನಿಸಿ, ತಾಯಿಯ ಮೈಗಂಟಿಕೊಂಡು ಲೋಕ ನೋಡುವ ಕೂಸು ಅಷ್ಟಾಗಿ ಅಳುವುದಿಲ್ಲ, ಬಹಳ ಕಲಿಯುತ್ತದೆ ಎಂದು ತಿಳಿಸಿದರು. 1949ರಲ್ಲಿ ಅಡ್ಯಾರ್‌ನಿಂದ ಪ್ರಕಟವಾದ ಅವರ ಪುಸ್ತಕದಲ್ಲಿ ಈ ವಿಚಾರಗಳಿವೆ. ಯಾವ ಶುಲ್ಕವೂ ಇಲ್ಲದೆ ನಮ್ಮ ಅಜ್ಜಿಯರು ಮಾಡಿದ ಕೆಲಸವನ್ನು ಅವರು ವಿಜ್ಞಾನವೆಂದು ಗೌರವಿಸಿದರು.

1946ರಲ್ಲಿ ಯುರೋಪಿಗೆ ಮರಳಿ ಮೊಮ್ಮಕ್ಕಳನ್ನು ಕಂಡರು. ಆಮೇಲೆಯೂ ಭಾರತಕ್ಕೆ ಬಂದರು. ನೊಬೆಲ್ ಶಾಂತಿ ಪ್ರಶಸ್ತಿಗೆ ಮೂರು ಬಾರಿ ಹೆಸರು ಸೂಚಿತವಾಯಿತಾದರೂ ಪ್ರಶಸ್ತಿ ಸಿಗಲಿಲ್ಲ. 1952ರ ಮೇ 6ರಂದು ನೆದರ್ಲೆಂಡ್ಸ್‌ನ ನೂರ್ಡ್‌ವೈಕ್‌ನಲ್ಲಿ, ಮಾರಿಯೊ ಜೊತೆಯಲ್ಲಿದ್ದಾಗಲೇ ನಿಧನರಾದರು. ಅಲ್ಲಿಯೇ ಅವರ ಸಮಾಧಿ ಇದೆ. ಶಾಲೆಗಳನ್ನು ಮುಚ್ಚಿದ್ದ ಇಟಲಿ 1990ರಲ್ಲಿ ತನ್ನ ಸಾವಿರ ಲಿರಾ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತು. ಯೂರೋ ಬರುವವರೆಗೂ ಆ ನೋಟು ಜನರ ಕೈಯಲ್ಲಿತ್ತು. ನಮ್ಮ ಬೆಂಗಳೂರಿನಲ್ಲಿ ಇಂದಿಗೂ ಅವರ ಪದ್ಧತಿಯಲ್ಲಿ ಶಿಕ್ಷಕಿಯರಿಗೆ ತರಬೇತಿ ನಡೆಯುತ್ತಿದೆ.

ಪ್ರಿಯ ಓದುಗರೇ, ಕೂಲಿಯವರ ಮಕ್ಕಳಿಗಾಗಿ ಶುಲ್ಕವಿಲ್ಲದೆ ಆರಂಭವಾದ ಪದ್ಧತಿಯ ಹೆಸರು ಇಂದು ಎಷ್ಟೋ ಕಡೆ ದುಬಾರಿ ಶಾಲೆಗಳ ಬೋರ್ಡಾಗಿದೆ. ಬೋರ್ಡು ನೋಡಿ ಮರುಳಾಗಬೇಡಿ. ಒಳಗೆ ಹೋಗಿ ನೋಡಿ: ಕಪಾಟು ಮಗುವಿನ ಕೈಗೆ ಎಟಕುತ್ತದೆಯೇ? ತಪ್ಪು ಮಾಡಿದ ಮಗುವಿಗೆ ಅವಮಾನವಾಗುತ್ತಿದೆಯೇ? ತಾಯಿಗೆ ಬಾಗಿಲು ತೆರೆದಿದೆಯೇ?

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ದುಡಿಯಲು ಕೊಲ್ಲಿ ದೇಶಕ್ಕೆ ಹೋಗಿರುತ್ತಾರೆ, ಮಗು ಅಜ್ಜಿಯ ಬಳಿ ಬೆಳೆಯುತ್ತದೆ. ಅದು ಹೊಟ್ಟೆಪಾಡು, ಯಾರನ್ನೂ ದೂಷಿಸಲಾಗದು. ಆದರೆ ಮಾರಿಯಾ ಅವರ ಬದುಕು ನಮಗೆ ಹೇಳುವುದು ಇಷ್ಟು: ಹೆಸರು, ಹಣ, ಕೆಲಸ ಎಲ್ಲವೂ ಆಮೇಲೆ ಬರಬಹುದು, ಮಗುವಿನ ಐದನೆಯ ವರ್ಷ ಮತ್ತೆ ಬರುವುದಿಲ್ಲ. ಊರಿಗೆ ಬಂದಾಗ ಸಾಮಾನಿನ ಪೆಟ್ಟಿಗೆ ಬಿಚ್ಚುವ ಮೊದಲು ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಅದು ಏನು ಮಾಡುತ್ತಿದೆಯೋ ಅದನ್ನು ಸುಮ್ಮನೆ ನೋಡಿ. ಡಾ. ಮಾಂಟೆಸೊರಿ ಅವರ ಇಡೀ ವಿದ್ಯೆ ಆರಂಭವಾದದ್ದು ಅಲ್ಲಿಂದಲೇ.