ಮೆಕ್ಯಾನೋ ಆಟಿಕೆಯಿಂದ ಔಷಧ ಕಾರ್ಖಾನೆವರೆಗೆ: ಎಸ್.ಆರ್. ರಂಗನಾಥನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರು ಸಾರ್ವಜನಿಕ ಗ್ರಂಥಾಲಯದಲ್ಲಿ ಪೇಪರ್ ಓದಿಯೇ ಬೆಳೆದವರು. ಈ ಗ್ರಂಥಾಲಯಗಳಿಗೆ ಕಾನೂನಿನ ಬಲ ಸಿಕ್ಕಿದ್ದು 1965ರ ಕಾಯ್ದೆಯಿಂದ. ಅದರ ಹಿಂದೆ ಶ್ರಮಿಸಿದವರಲ್ಲಿ ಶಿಯಾಳಿ ರಾಮಾಮೃತ ರಂಗನಾಥನ್ ಪ್ರಮುಖರು. ಫಾರ್ಮಾ ಕಂಪನಿ ಸೇರಬೇಕು ಅಂದುಕೊಂಡಿರುವ ನಾವು ಇವರನ್ನು ಇನ್ನೊಂದು ಕಾರಣಕ್ಕೂ ತಿಳಿದಿರಬೇಕು.

1892ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಹುಟ್ಟಿದ ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಹುಡುಗರಿಲ್ಲದ ಆ ಕೆಲಸ ಎಷ್ಟು ಬೇಜಾರಾಯಿತೆಂದರೆ, ಕೆಲವೇ ದಿನಗಳಲ್ಲಿ ಪಾಠಕ್ಕೆ ಮರಳಲು ಅನುಮತಿ ಕೇಳಿದರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಮೇಲೆ ತೀರ್ಮಾನಿಸಲಿ ಅಂತ ಮೇಲಿನವರು ಒಪ್ಪಿಸಿದರು.

ಲಂಡನ್ನಿನ ಒಂದು ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸಿದಂತೆಲ್ಲ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೇ ಬಿಡಿಭಾಗ ಮಾಡಿ ಜೋಡಿಸಬಹುದಲ್ಲ ಅಂತ ಹೊಳೆಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ಬೆಳೆದದ್ದು ಈ ಹೊಳಹಿನಿಂದ. ಮುಂದೆ ಅದಕ್ಕೆ ಐದು ಮುಖಗಳು ಗಟ್ಟಿಯಾದವು: ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ.

ಇದನ್ನು ಮಾತ್ರೆ ತಯಾರಿಸುವ ಕಾರ್ಖಾನೆಗೆ ಹೊಂದಿಸಿ ನೋಡೋಣ. ಒತ್ತಿದ ಮಾತ್ರೆಯ ಮೇಲ್ಪದರ ಕಳಚಿ ಬರ್ತಿದೆ. ಹರಳಿನಂಥ ಪುಡಿ ಅತಿಯಾಗಿ ಒಣಗಿದರೂ ಹೀಗಾಗುತ್ತೆ ಅಂತ ಹಳೆಯ ಆಪರೇಟರಿಗೆ ಗೊತ್ತು. ಅವರು ನಿವೃತ್ತರಾದರೆ ಆ ತಿಳಿವಳಿಕೆಯೂ ಗೇಟು ದಾಟುತ್ತೆ. ಬರೆದಿಟ್ಟರೂ ಸಾವಿರಾರು ಬ್ಯಾಚ್ ದಾಖಲೆಗಳಲ್ಲಿ ಹುಡುಕೋದು ಹೇಗೆ? ಯಾವ ಮಾತ್ರೆ, ಯಾವ ಕಚ್ಚಾವಸ್ತು, ಯಾವ ಹಂತ, ಯಾವ ಘಟಕ, ಯಾವಾಗ ಅಂತ ಗುರುತು ಹಾಕಿದ್ದರೆ, ಹೊಸಬರು ಯಾವ ತುದಿಯಿಂದ ಹುಡುಕಿದರೂ ಸಿಗುತ್ತೆ. ಈ ಗುರುತು ಹಾಕದೆ ದುಬಾರಿ ಸಾಫ್ಟ್‌ವೇರ್ ತಂದರೆ, ಬೀರುವಿನ ಗೊಂದಲ ಕಂಪ್ಯೂಟರಿಗೆ ಹೋಗುತ್ತೆ, ಅಷ್ಟೇ.

ಕೊನೆಯ ವರ್ಷಗಳನ್ನು ರಂಗನಾಥನ್ ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಸಂಶೋಧಕರಿಗೆ, ಉದ್ಯಮಗಳಿಗೆ ಬೇಕಾದ ಮಾಹಿತಿಯನ್ನು ಬೇಗ ಒದಗಿಸುವವರನ್ನು ತಯಾರು ಮಾಡುವುದು ಅದರ ಕೆಲಸ. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ತೀರಿಕೊಂಡರು.

ಔಷಧ ಗುಣಮಟ್ಟದ ಅಂತರರಾಷ್ಟ್ರೀಯ ಮಾರ್ಗಸೂಚಿ ಕ್ಯೂ10 ಜ್ಞಾನ ನಿರ್ವಹಣೆಯನ್ನು ಗುಣಮಟ್ಟ ವ್ಯವಸ್ಥೆಯ ಆಧಾರಗಳಲ್ಲಿ ಒಂದೆಂದು ಹೆಸರಿಸಿದ್ದು 2008ರಲ್ಲಿ. ಕಲೆಹಾಕು, ವಿಶ್ಲೇಷಿಸು, ಕಾಪಾಡು, ಹಂಚು ಎಂಬುದು ಅದರ ಸಾರ. ಓದುಗರ ಸಮಯ ಉಳಿಸಬೇಕು ಅಂತ ರಂಗನಾಥನ್ 1931ರಲ್ಲೇ ನಿಯಮ ಮಾಡಿದ್ದರು. ಕಾರ್ಖಾನೆಯಲ್ಲಿ ಆ ಓದುಗರು ಅಂದರೆ ರಾತ್ರಿ ಪಾಳಿಯಲ್ಲಿ ಯಂತ್ರ ನಿಲ್ಲಿಸಿ ಉತ್ತರ ಹುಡುಕ್ತಿರುವ ಹೊಸ ಇಂಜಿನಿಯರು. ನಾಳೆ ಅಲ್ಲಿ ನಿಲ್ಲುವವರು ನಾವೇ.