ಪೀಟ್ ಹ್ಯಾಮ್

ಪೀಟ್ ಹ್ಯಾಮ್ (ಪೂರ್ಣ ಹೆಸರು ಪೀಟರ್ ವಿಲಿಯಂ ಹ್ಯಾಮ್, ಏಪ್ರಿಲ್ 27, 1947 – ಏಪ್ರಿಲ್ 24, 1975) ವೇಲ್ಸ್‌ನ ರಾಕ್ ಗಾಯಕ, ಗೀತರಚನೆಕಾರ ಹಾಗೂ ಗಿಟಾರ್ ವಾದಕ. 'ಬ್ಯಾಡ್‌ಫಿಂಗರ್' ತಂಡದ ಮುಖ್ಯ ಗೀತರಚನೆಕಾರರಾಗಿದ್ದ ಇವರು 'ವಿದೌಟ್ ಯೂ' ಗೀತೆಯ ಇಬ್ಬರು ಕರ್ತೃಗಳಲ್ಲಿ ಒಬ್ಬರು. ಇವರ ಗೀತೆಗಳು ದೇಶ ದೇಶಗಳಲ್ಲಿ ಜನಪ್ರಿಯವಾದರೂ ಅವುಗಳ ಗಳಿಕೆಯ ಬಹುಪಾಲು ಇವರ ಕೈಸೇರಲಿಲ್ಲ.

ಆರಂಭಿಕ ಜೀವನ

ಹ್ಯಾಮ್ ಹುಟ್ಟಿದ್ದು ವೇಲ್ಸ್‌ನ ಬಂದರು ನಗರವಾದ ಸ್ವಾನ್‌ಸೀಯಲ್ಲಿ. ಹದಿಹರೆಯದಲ್ಲೇ ಗೆಳೆಯರೊಡನೆ ಕಟ್ಟಿದ ತಂಡವು ಕಾಲಕ್ರಮೇಣ 'ದಿ ಐವೀಸ್' ಎಂಬ ಹೆಸರು ತಳೆಯಿತು. ನಗರದ ಐವಿ ಪ್ಲೇಸ್ ಎಂಬ ಬೀದಿಯೇ ಈ ಹೆಸರಿನ ಮೂಲ. 1966ರಲ್ಲಿ ವ್ಯವಸ್ಥಾಪಕ ಬಿಲ್ ಕಾಲಿನ್ಸ್ ತಂಡವನ್ನು ಲಂಡನ್ನಿಗೆ ಕರೆತಂದರು. ಗೋಲ್ಡರ್ಸ್ ಗ್ರೀನ್ ಬಡಾವಣೆಯ ಒಂದೇ ಮನೆಯಲ್ಲಿ ಎಲ್ಲರೂ ವಾಸಿಸುತ್ತಿದ್ದರು. ಅಲ್ಲಿ ಹ್ಯಾಮ್ ಧ್ವನಿಮುದ್ರಿಸಿಟ್ಟ ಹಲವು ಕರಡು ಗೀತೆಗಳು ಅವರ ಮರಣಾನಂತರ, 1997 ಮತ್ತು 1999ರಲ್ಲಿ, ಎರಡು ಆಲ್ಬಂಗಳಾಗಿ ಹೊರಬಂದವು.

ಬ್ಯಾಡ್‌ಫಿಂಗರ್

ಬೀಟಲ್ಸ್ ತಂಡದ ಸಹಾಯಕ ಮಾಲ್ ಇವಾನ್ಸ್ ಅವರ ಒತ್ತಾಸೆಯಿಂದ 1968ರಲ್ಲಿ ಬೀಟಲ್ಸ್‌ನ ಸ್ವಂತ ಸಂಸ್ಥೆಯಾದ ಆಪಲ್ ರೆಕಾರ್ಡ್ಸ್ ಈ ತಂಡದೊಡನೆ ಕರಾರು ಮಾಡಿಕೊಂಡಿತು. ಮರುವರ್ಷ ತಂಡದ ಹೆಸರು ಬ್ಯಾಡ್‌ಫಿಂಗರ್ ಎಂದಾಯಿತು. ಮೊದಲ ದೊಡ್ಡ ಯಶಸ್ಸು ತಂದ 'ಕಮ್ ಅಂಡ್ ಗೆಟ್ ಇಟ್' ಗೀತೆ ಪಾಲ್ ಮೆಕಾರ್ಟ್ನಿಯವರ ರಚನೆ. ಇದರಿಂದಾಗಿ ತಂಡವು ಬೀಟಲ್ಸ್‌ನ ನೆರಳೆಂಬ ಮಾತು ಹುಟ್ಟಿಕೊಂಡಿತು. ಹ್ಯಾಮ್ ಅವರ ಸ್ವಂತ ರಚನೆಗಳನ್ನು ಗಮನಿಸಿದರೆ ಆ ಮಾತು ನ್ಯಾಯವಾದುದಲ್ಲ. 1970ರ 'ನೋ ಮ್ಯಾಟರ್ ವಾಟ್' ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೂ, ಜಾರ್ಜ್ ಹ್ಯಾರಿಸನ್ ನಿರ್ಮಿಸಿದ 'ಡೇ ಆಫ್ಟರ್ ಡೇ' ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೂ ಏರಿದವು. 'ಬೇಬಿ ಬ್ಲೂ' ಕೂಡ ಅವರದೇ.

'ವಿದೌಟ್ ಯೂ' ಹುಟ್ಟಿದ್ದು ಎರಡು ಅಪೂರ್ಣ ಗೀತೆಗಳ ಕೂಡಿಕೆಯಿಂದ. ಚರಣಗಳು ಹ್ಯಾಮ್ ಅವರವು, ಪಲ್ಲವಿ ಸಹಸದಸ್ಯ ಟಾಮ್ ಇವಾನ್ಸ್ ಅವರದು. 1970ರ 'ನೋ ಡೈಸ್' ಆಲ್ಬಂನಲ್ಲಿ ಹೆಚ್ಚು ಸದ್ದಿಲ್ಲದೆ ಉಳಿದಿದ್ದ ಈ ಗೀತೆಯನ್ನು ಹ್ಯಾರಿ ನಿಲ್ಸನ್ ಹಾಡಿದಾಗ, 1972ರಲ್ಲಿ ಅದು ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನ ಪಡೆಯಿತು. 1994ರಲ್ಲಿ ಮರಾಯಾ ಕ್ಯಾರಿ ಅವರ ಕಂಠದಲ್ಲಿ ಬ್ರಿಟನ್ನಿನಲ್ಲಿ ಮತ್ತೊಮ್ಮೆ ಮೊದಲ ಸ್ಥಾನಕ್ಕೇರಿತು.

ಹ್ಯಾರಿಸನ್ ಮತ್ತು ಪಂಡಿತ್ ರವಿಶಂಕರ್ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಏರ್ಪಡಿಸಿದ ಕಛೇರಿಯಲ್ಲಿ, 'ಹಿಯರ್ ಕಮ್ಸ್ ದ ಸನ್' ಗೀತೆಗೆ ಹ್ಯಾರಿಸನ್ ಜೊತೆ ಗಿಟಾರ್ ನುಡಿಸಿದವರು ಹ್ಯಾಮ್ ಒಬ್ಬರೇ.

ಹಣಕಾಸಿನ ವಿವಾದ ಮತ್ತು ಮರಣ

1970ರಲ್ಲಿ ತಂಡವು ತನ್ನ ವ್ಯವಹಾರವನ್ನು ಅಮೆರಿಕದ ಸ್ಟಾನ್ ಪಾಲಿ ಎಂಬ ವ್ಯವಸ್ಥಾಪಕನಿಗೆ ಒಪ್ಪಿಸಿತು. ಗಳಿಕೆಯೆಲ್ಲ ಆತನ ಹಿಡಿತದ ಕಂಪನಿಗೆ ಹೋಗಿ, ಸದಸ್ಯರಿಗೆ ಸಂಬಳ ಮಾತ್ರ ಬರುತ್ತಿತ್ತು. ಜತೆಯವರು ಅನುಮಾನಪಟ್ಟಾಗಲೂ ಹ್ಯಾಮ್ ಪಾಲಿಯ ಮೇಲಿನ ನಂಬಿಕೆಯನ್ನು ಬಹುಕಾಲ ಬಿಡಲಿಲ್ಲ. ಬಳಿಕ ತಂಡ ವಾರ್ನರ್ ಬ್ರದರ್ಸ್ ಸಂಸ್ಥೆಗೆ ಸೇರಿತು. ಆ ಸಂಸ್ಥೆ ಕೊಟ್ಟ ಮುಂಗಡದಲ್ಲಿ ಪ್ರತ್ಯೇಕ ಖಾತೆಯಲ್ಲಿರಬೇಕಾಗಿದ್ದ ಹಣದ ಲೆಕ್ಕ ಸಿಗದಿದ್ದಾಗ, ಅದರ ಪ್ರಕಾಶನ ವಿಭಾಗವು ಮೊಕದ್ದಮೆ ಹೂಡಿತು. ಒಳ್ಳೆಯ ವಿಮರ್ಶೆಗಳನ್ನು ಪಡೆದಿದ್ದ 'ವಿಶ್ ಯೂ ವರ್ ಹಿಯರ್' (1974) ಆಲ್ಬಂ 1975ರ ಆರಂಭದಲ್ಲಿ ಅಂಗಡಿಗಳಿಂದ ಮರಳಿ ಹೋಯಿತು. ಮುಂದಿನ ಆಲ್ಬಂ 'ಹೆಡ್ ಫಸ್ಟ್' 2000ದವರೆಗೆ ಬಿಡುಗಡೆಯಾಗಲೇ ಇಲ್ಲ.

ಸಂಬಳವೂ ನಿಂತಿತು. ಸಾಲ ಮಾಡಿ ಮನೆ ಕೊಂಡಿದ್ದ ಹ್ಯಾಮ್, ಸಂಗಾತಿ ತುಂಬು ಗರ್ಭಿಣಿಯಾಗಿದ್ದ ಸಮಯದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಲ್ಲಿ ಪಾಲಿಯ ಮೇಲೆ ನೇರ ಆರೋಪವಿತ್ತು. 28ನೆಯ ಹುಟ್ಟುಹಬ್ಬಕ್ಕೆ ಮೂರೇ ದಿನ ಉಳಿದಿದ್ದವು. ಮಗಳು ಹುಟ್ಟಿದ್ದು ಸುಮಾರು ಒಂದು ತಿಂಗಳ ನಂತರ. ರಾಯಧನದ ಜಗಳಗಳು ಅಲ್ಲಿಗೂ ಮುಗಿಯಲಿಲ್ಲ. 1983ರಲ್ಲಿ ಟಾಮ್ ಇವಾನ್ಸ್ ಕೂಡ ಆತ್ಮಹತ್ಯೆ ಮಾಡಿಕೊಂಡರು.

2013ರ ಏಪ್ರಿಲ್ 27ರಂದು ಸ್ವಾನ್‌ಸೀಯ ಐವಿ ಪ್ಲೇಸ್‌ನಲ್ಲಿ ಹ್ಯಾಮ್ ಸ್ಮರಣಾರ್ಥ ನೀಲಿ ಫಲಕವೊಂದನ್ನು ಅನಾವರಣಗೊಳಿಸಲಾಯಿತು. ಅದೇ ವರ್ಷ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ಕೊನೆಯ ದೃಶ್ಯದಲ್ಲಿ 'ಬೇಬಿ ಬ್ಲೂ' ಬಳಕೆಯಾಗಿ, ಹೊಸ ಪೀಳಿಗೆಯ ಕೇಳುಗರನ್ನು ತಲುಪಿತು.