ಎಚ್‌ಟಿ-2 ವಿಮಾನದ ಶಿಲ್ಪಿ ಘಾಟಗೆ
ಸ್ವತಂತ್ರ ಭಾರತ ತಾನೇ ವಿನ್ಯಾಸಗೊಳಿಸಿದ ತರಬೇತಿ ವಿಮಾನ ಎಚ್‌ಟಿ-2ರ ಶಿಲ್ಪಿ ಡಾ. ವಿಷ್ಣು ಮಾಧವ ಘಾಟಗೆ. 1908ರಲ್ಲಿ ಜನಿಸಿದ ಅವರು ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಡಾಕ್ಟರೇಟ್ ಪಡೆದು, 1940ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು.

ಹೊಸ ಪೈಲಟ್‌ಗಳಿಗೆ ಬಾನಿನ ಕಸರತ್ತು ಕಲಿಸಬೇಕಿದ್ದ ಪುಟ್ಟ ವಿಮಾನಕ್ಕೆ ಎಂಜಿನ್ ಆಯ್ಕೆಯೇ ಸವಾಲು. ಶಕ್ತಿ ಸಾಲದಿದ್ದರೆ ಏರಿಕೆ ಕುಂದುತ್ತದೆ. ಮೂತಿಯ ಭಾರ ಹೆಚ್ಚಿದರೆ ಸಮತೋಲ ಕೆಡುತ್ತದೆ. ಪ್ರೊಪೆಲ್ಲರ್ ಹೊಂದದಿದ್ದರೆ ಶಕ್ತಿಯೇ ವ್ಯರ್ಥ. 1951ರ ಆಗಸ್ಟ್‌ನಲ್ಲಿ ಹಾರಿದ ಮೊದಲ ಮಾದರಿಯಲ್ಲಿ 145 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಇತ್ತು. 1952ರ ಫೆಬ್ರವರಿಯಲ್ಲಿ ಹಾರಿದ ಎರಡನೆಯದಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಜೋಡಿಸಲಾಯಿತು. ಉತ್ಪಾದನೆಗೂ ಅದೇ ಸ್ಥಿರವಾಯಿತು.

ವಾಯುಪಡೆಯ ಅಸಂಖ್ಯ ಪೈಲಟ್‌ಗಳು ಅದರಲ್ಲೇ ಮೊದಲ ಪಾಠ ಕಲಿತರು. ಮುಂದೆ ಹಲವು ವಿಮಾನಗಳಿಗೆ ಲೈಕಮಿಂಗ್ ಎಂಜಿನ್ ಬಂದರೂ ಒಡಲು ಘಾಟಗೆಯವರದೇ ಆಗಿತ್ತು. 1991ರಲ್ಲಿ ಅವರು ನಿಧನರಾದರು.